ಎಂಜಿನ್ ಆಫ್ ಮಾಡಿದ ಗಳಿಗೆ

ಬೆಳ್ಳಂದೂರು ಕೆರೆ ಎಂದರೆ ಈಗ ನಮಗೆಲ್ಲ ನೊರೆಯೇ ನೆನಪು. ಎರಡನೇ ಮಹಾಯುದ್ಧದ ಕಾಲಕ್ಕೆ ಅದೇ ಕೆರೆಯ ನೀರಿನ ಮೇಲೆ ವಿಮಾನಗಳು ಬಂದು ಇಳಿಯುತ್ತಿದ್ದವು. ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ರಿಪೇರಿಗೆಂದು ಬರುತ್ತಿದ್ದ ಕ್ಯಾಟಲೀನಾಗಳು ಅವು. ಹೊಟ್ಟೆ ದೋಣಿಯದು, ಮೇಲೆ ಕಂಬದಂಥ ಆಸರೆಯ ಮೇಲೆ ಕೂರಿಸಿದ 104 ಅಡಿಯ ರೆಕ್ಕೆ.

ಅಮೆರಿಕದ ನೌಕಾಪಡೆ ಇದನ್ನು ಪಿಬಿವೈ ಎಂದು ಕರೆಯಿತು. ಗಸ್ತಿಗೆ ಪಿ, ಬಾಂಬರ್‌ಗೆ ಬಿ, ತಯಾರಿಸಿದ ಕನ್ಸಾಲಿಡೇಟೆಡ್ ಕಂಪನಿಗೆ ವೈ. 1935ರಲ್ಲಿ ಮೊದಲು ಹಾರಿದ ಇದರ ಕಸುಬು ಕಡಲ ಮೇಲೆ ಹೊತ್ತುಗಟ್ಟಲೆ ಸುತ್ತುವುದು, ಶತ್ರು ಹಡಗು ಕಂಡರೆ ಬಾಂಬ್ ಹಾಕುವುದು. ಆದರೆ ಓಟ ಗಂಟೆಗೆ ಹೆಚ್ಚುಕಡಿಮೆ 200 ಕಿ.ಮೀ. ಹಗಲಲ್ಲಿ ಜಪಾನಿ ಫೈಟರ್‌ಗಳ ಕಣ್ಣಿಗೆ ಬಿದ್ದರೆ ಮುಗಿಯಿತು. ಹಾಗಾಗಿ ಕೆಲವಕ್ಕೆ ಕಪ್ಪು ಬಳಿದು ರಾತ್ರಿಪಾಳಿಗೆ ಹಾಕಿದರು. ಇನ್ನು ಕೆಲವಕ್ಕೆ ಸಿಕ್ಕಿದ್ದು ಸಮುದ್ರಕ್ಕೆ ಬಿದ್ದ ವೈಮಾನಿಕರನ್ನು ಎತ್ತಿ ತರುವ ಕೆಲಸ. ಅದಕ್ಕೆ ಡಿಸ್ನಿ ಸಿನಿಮಾದ ಹಾರುವ ಆನೆಮರಿ ಡಂಬೋನ ಹೆಸರು. ವಿಮಾನದ ಚಿತ್ರ ನೋಡಿದರೆ ಹೆಸರಿಟ್ಟವರ ಮೇಲೆ ಸಿಟ್ಟು ಬರುವುದಿಲ್ಲ.

1944ರ ಫೆಬ್ರುವರಿ 15ರಂದು ಅಂಥದೊಂದು ಡಂಬೋ ನೇಥನ್ ಗೋರ್ಡನ್ ಕೈಯಲ್ಲಿತ್ತು. ಆರ್ಕನ್ಸಾ ರಾಜ್ಯದ ವಕೀಲ, ವಯಸ್ಸು 27. ಯುದ್ಧ ಮುಗಿದ ಮೇಲೆ ಅದೇ ರಾಜ್ಯದಲ್ಲಿ 20 ವರ್ಷ ಲೆಫ್ಟಿನೆಂಟ್ ಗವರ್ನರ್ ಆಗಿದ್ದವನು. ಈಗಿನ ಪಪುವಾ ನ್ಯೂಗಿನಿಗೆ ಸೇರಿದ ಕವಿಯೆಂಗ್ ಬಂದರಿನ ಮೇಲೆ ಅಂದು ಅಮೆರಿಕದ ಭೂಸೇನೆಯ ಬಾಂಬರ್‌ಗಳು ದಾಳಿಯಿಟ್ಟಿದ್ದವು. ಕೆಲವು ಉರುಳಿ ನೀರಿಗೆ ಬಿದ್ದಿದ್ದವು. ದಡದ ತುಂಬ ಜಪಾನಿ ಫಿರಂಗಿಗಳು.

ಗೋರ್ಡನ್ ಇಳಿದ. ಆಳೆತ್ತರ ಮೀರಿದ ಅಲೆಗಳ ಏಟಿಗೆ ತಳದ ರಿವೆಟ್ ಕಿತ್ತು ನೀರು ನುಗ್ಗತೊಡಗಿತು. ನಿಜವಾದ ಕಷ್ಟ ಶುರುವಾದದ್ದು ಆಮೇಲೆ. ಹಾರುದೋಣಿಗೆ ಬ್ರೇಕ್ ಇಲ್ಲ. ಪ್ರೊಪೆಲರ್ ಮೆಲ್ಲಗೆ ತಿರುಗುತ್ತಿದ್ದರೂ ಅದು ಮುಂದಕ್ಕೆ ಜಾರುತ್ತದೆ, ಹಗ್ಗ ಹಿಡಿದ ಗಾಯಾಳು ಅದರ ಹಿಂದೆ ನೀರಲ್ಲಿ ಎಳೆದಾಡಿಹೋಗುತ್ತಾನೆ. ಒಳಗೆ ಎತ್ತಿಕೊಳ್ಳಬೇಕಾದರೆ ಒಂದೇ ದಾರಿ. ಗೋರ್ಡನ್ ಎರಡೂ ಎಂಜಿನ್ ಆಫ್ ಮಾಡಿದ.

ಗುಂಡು ಹಾರುತ್ತಿರುವ ದಡದೆದುರು ವಿಮಾನ ಸುಮ್ಮನೆ ತೇಲುತ್ತಾ ನಿಂತಿತು. ಎಂಜಿನ್ ಮತ್ತೆ ಹತ್ತಿಕೊಳ್ಳುತ್ತದೆಂದು ಯಾರು ಭರವಸೆ ಕೊಡಬೇಕು? ಪಕ್ಕದ ಗಾಜಿನ ಗುಮ್ಮಟದಿಂದ ಸಿಬ್ಬಂದಿ ಕೈಚಾಚಿ ಒಬ್ಬೊಬ್ಬರನ್ನೇ ಒಳಗೆಳೆದುಕೊಂಡರು. ಹೀಗೆ ಮೂರು ಸಲ ಇಳಿದು ಹತ್ತಿಸಿಕೊಂಡದ್ದು ಒಂಬತ್ತು ಜನರನ್ನು.

ಗಾಳಿಯೇ ಇಲ್ಲದ ಹೊತ್ತಲ್ಲಿ ತುಂಬಿದ ವಿಮಾನವನ್ನು ಹೇಗೋ ಮೇಲೆತ್ತಿ ನೆಲೆಯ ಕಡೆ ತಿರುಗಿಸಿದ್ದ. ಅಷ್ಟರಲ್ಲಿ ರೇಡಿಯೊ ಸುದ್ದಿ: ದಡದಿಂದ ಬರೀ 600 ಗಜ ದೂರದಲ್ಲಿ ಇನ್ನೊಂದು ರಬ್ಬರ್ ತೆಪ್ಪ.

ಅಮೆರಿಕದ ಅತ್ಯುನ್ನತ ಶೌರ್ಯ ಪದಕ, ಮೆಡಲ್ ಆಫ್ ಆನರ್, ಇವನಿಗೆ ಬಂತು. ಸಿಬ್ಬಂದಿಗೆ ಸಿಲ್ವರ್ ಸ್ಟಾರ್. ಮೂರು ಸಲ ಇಳಿದದ್ದಕ್ಕೇ ಪದಕ ಸಲ್ಲುತ್ತಿತ್ತು ಎಂದು ನನಗನ್ನಿಸುತ್ತದೆ. ಅವನು ವಿಮಾನ ತಿರುಗಿಸಿದ, ನಾಲ್ಕನೇ ಸಲ ಇಳಿದ, ಆರು ಜನರನ್ನು ಎತ್ತಿಕೊಂಡ. ಮತ್ತೆ ಅಲೆ ಬಿಟ್ಟು ಮೇಲೆದ್ದಾಗ ಒಳಗೆ ಸಿಬ್ಬಂದಿಯಲ್ಲದೆ 15 ಜನ, ಅವರ ಕಾಲ ಬುಡದಲ್ಲಿ ಕವಿಯೆಂಗ್ ಸಮುದ್ರದ ನೀರು.