ಮೃಗವೇಷದ ವೀರರು

ರಾತ್ರಿ ಮೃಗವಾಗಿ, ಬೆಳಗಾಗುವುದರೊಳಗೆ ಮತ್ತೆ ಮನುಷ್ಯರಾಗುವ ಯೋಧರ ಕಥೆಗಳು ಎಲ್ಲರಿಗೂ ಪ್ರಿಯವೇ. ಇಂದಿನ ಕಲ್ಪನಾಕಥೆಗಳಲ್ಲಿ ಇಂಥ ವೀರರನ್ನು ಮೆಕ್ಸಿಕೋದ ಆಸ್ಟೆಕ್ ಜನರೆಂದು ಚಿತ್ರಿಸುವುದುಂಟು. ಇದಕ್ಕೆ ಚರಿತ್ರೆಯ ಆಧಾರವೆಷ್ಟು?

ಟೆಷ್ಕೋಕೋ ಸರೋವರದ ನಡುಗಡ್ಡೆಯಲ್ಲಿ ಆಸ್ಟೆಕರು ಕಟ್ಟಿದ ರಾಜಧಾನಿ ಟೆನೋಚ್‌ಟಿಟ್ಲಾನ್. ಅಲ್ಲಿನ ಯೋಧರಲ್ಲಿ ಹದ್ದಿನ ವೀರರು, ಜಾಗ್ವಾರ್ ವೀರರು ಎಂಬವರಿಗೆ ವಿಶೇಷ ಗೌರವವಿತ್ತು. ಜಾಗ್ವಾರ್ ಎಂದರೆ ನಮ್ಮ ಚಿರತೆಯನ್ನು ಹೋಲುವ, ಅದಕ್ಕಿಂತ ದಪ್ಪ ಮೈಯ ಅಮೆರಿಕದ ಕಾಡುಮೃಗ. ಮೃಗದ ತೆರೆದ ಬಾಯೊಳಗಿಂದ ವೀರನ ಮುಖ ಇಣುಕುವಂಥ ಶಿರಸ್ತ್ರಾಣ, ಮೈತುಂಬ ಮಚ್ಚೆಯ ಉಡುಪು, ಕೈಯಲ್ಲಿ ಗಾಜಿನಂಥ ಕರಿಯ ಕಲ್ಲಿನ ಅಲಗುಗಳನ್ನು ಅಂಚಿಗೆ ಕೂರಿಸಿದ ಮರದ ಆಯುಧ: ಇದು ಅವನ ವೇಷ.

ಈ ವೇಷವನ್ನು ರಣರಂಗದಲ್ಲಿ ಗಳಿಸಬೇಕಾಗಿತ್ತು. ಶತ್ರುವನ್ನು ಕೊಲ್ಲುವುದಕ್ಕಿಂತ ಜೀವಂತ ಸೆರೆಹಿಡಿಯುವುದೇ ಹಿರಿಮೆ. ಸೆರೆಯಾಳುಗಳ ಸಂಖ್ಯೆ ಏರಿದಂತೆ ಯೋಧನ ಉಡುಪೂ ಬದಲಾಗುವುದನ್ನು 16ನೆಯ ಶತಮಾನದ ಮೆಂಡೋಜಾ ಚಿತ್ರಗ್ರಂಥದಲ್ಲಿ ಕಾಣಬಹುದು. ನಾಲ್ವರನ್ನು ಹಿಡಿದವನಿಗೆ ಅಲ್ಲಿ ಜಾಗ್ವಾರ್ ವೇಷ. ಸಾಮಾನ್ಯರ ಮಗನೂ ಪರಾಕ್ರಮದಿಂದ ಮೇಲೇರಬಹುದಾಗಿತ್ತು.

ಹಾಗಾದರೆ ರೂಪಾಂತರ? ಮೃಗರೂಪ ತಾಳಬಲ್ಲವನನ್ನು ಆಸ್ಟೆಕರು ‘ನಾವಾಲ್ಲಿ’ ಎನ್ನುತ್ತಿದ್ದರು. ಆದರೆ ಅವನು ಮಾಂತ್ರಿಕ, ಯೋಧನಲ್ಲ. ಇವೆರಡನ್ನೂ ಬೆರೆಸಿದ್ದು ನಮ್ಮ ಕಾಲದ ಕಲ್ಪನೆ.

ಯೋಧರಿಗೆ ಈ ಪ್ರಾಣಿಗಳ ಹೆಸರೇಕೆ ಬಂದಿತೆಂಬುದಕ್ಕೆ ಪಾದ್ರಿ ಸಹಾಗುನ್ ಸಂಗ್ರಹಿಸಿದ ಪುರಾಣವೊಂದುಂಟು. ಜಗತ್ತಿಗೆ ಬೆಳಕಿಲ್ಲದಾಗ ದೇವತೆಗಳು ಟಿಯೋಟಿವಾಕಾನ್‌ನಲ್ಲಿ ಸೇರಿದರು. ಸೂರ್ಯನಾಗಲೆಂದು ನಾನಾವಾಟ್ಸಿನ್ ಎಂಬ ರೋಗಿಷ್ಠ ದೇವತೆ ಉರಿಯುವ ಕೊಂಡಕ್ಕೆ ಧುಮುಕಿದನು. ಹಿಂದೆಯೇ ಹದ್ದು ಹಾರಿತು. ಗರಿಗಳು ಸುಟ್ಟು ಕಪ್ಪಾದವು. ಆಮೇಲೆ ಜಾಗ್ವಾರ್ ಜಿಗಿಯಿತು. ಅಲ್ಲಲ್ಲಿ ಮಾತ್ರ ಸುಟ್ಟಿದ್ದರಿಂದ ಮೈಯೆಲ್ಲ ಮಚ್ಚೆಯಾಯಿತು. ಬೆಂಕಿಗೆ ಅಂಜದವನೇ ವೀರನೆಂಬುದು ಇದರ ತಾತ್ಪರ್ಯ.

ಈ ವೈಭವದ ಇನ್ನೊಂದು ಮುಖವನ್ನು ಮರೆಯಲಾಗದು. ಸೆರೆಸಿಕ್ಕವರಲ್ಲಿ ಅನೇಕರು ಬಲಿಪೀಠ ಸೇರುತ್ತಿದ್ದರು. ಒಬ್ಬನ ಮಚ್ಚೆಯುಡುಪು ಇನ್ನೊಬ್ಬನ ಪ್ರಾಣದ ಬೆಲೆ. ಆಸ್ಟೆಕರ ದಂಡಯಾತ್ರೆಗಳಿಂದ ನೊಂದಿದ್ದ ಟ್ಲಾಷ್ಕಾಲಾದ ಜನ, ಸ್ಪೇನಿನ ಕೋರ್ಟೆಸ್ ಬಂದಾಗ ಮೊದಲು ಅವನೊಡನೆ ಹೋರಾಡಿದರೂ ಬಳಿಕ ಅವನನ್ನೇ ಕೂಡಿಕೊಂಡರು. ಸಿಡುಬು ನಗರವನ್ನು ಮೊದಲೇ ಬಡಿದಿತ್ತು. 1521ರ ಆಗಸ್ಟ್ 13ರಂದು ಟೆನೋಚ್‌ಟಿಟ್ಲಾನ್ ಬಿದ್ದಿತು.

ಕಥೆಯ ವೀರನಿಗೆ ಮೃಗದ ರೂಪ ಮಂತ್ರದಿಂದ ಬರುತ್ತದೆ. ಚರಿತ್ರೆಯ ವೀರನಿಗೆ ಅದು ಧೈರ್ಯದಿಂದ ಬಂದಿತು. ಅದರ ಬೆಲೆಯನ್ನು ಬೇರೆಯವರೂ ತೆತ್ತರು.