ಉಪ್ಪುನೀರಿಗೆ ಯಾಕಿಷ್ಟು ನಿಧಾನ?

ಮಕ್ಕಳೇ, ಒಂದೇ ಅಳತೆಯ ಮೂರು ಗಾಜಿನ ತಟ್ಟೆ ತೆಗೆದುಕೊಳ್ಳಿ. ಸ್ಟೀಲಿನದು ಬೇಡ, ಉಪ್ಪು ಅದನ್ನೂ ತಿನ್ನುತ್ತದೆ. ಬೈಗುಳ ತಿನ್ನುವವರು ನೀವು! ಒಂದಕ್ಕೆ ಮಳೆನೀರು, ಇನ್ನೊಂದಕ್ಕೆ ಬೋರ್‌ವೆಲ್ ನೀರು, ಮೂರನೆಯದಕ್ಕೆ ಕರಗುವಷ್ಟೂ ಉಪ್ಪು ಕರಗಿಸಿದ ನೀರು ಹಾಕಿ ಬಿಸಿಲಿಗಿಡಿ.

ಮೊದಲೆರಡು ಹೆಚ್ಚುಕಡಿಮೆ ಒಟ್ಟಿಗೇ ಆರುತ್ತವೆ. ಮಳೆನೀರು ಗುರುತನ್ನೇ ಉಳಿಸುವುದಿಲ್ಲ. ಬೋರ್‌ವೆಲ್ ನೀರು ಬಿಳಿ ಕಲೆ ಬಿಡುತ್ತದೆ. ಗೀಸರಿನೊಳಗೆ ಕಟ್ಟುವ ಸುಣ್ಣವೇ ಅದು. ಮೂರನೆಯದು ಮಾತ್ರ ಹಟ ಹಿಡಿದು ಕೂರುತ್ತದೆ. ನೀರಿನ ಕಣಗಳನ್ನು ಉಪ್ಪಿನ ಕಣಗಳು ಹಿಡಿದಿಟ್ಟುಕೊಳ್ಳುವುದರಿಂದ ಮೇಲಕ್ಕೆ ಹಾರುವವು ಕಡಿಮೆ.

ನಾನು ಓದಿದ್ದು ಬಿಕಾಂ, ದುಡಿದದ್ದು ಬ್ಯಾಂಕಿನ ಗುಮಾಸ್ತನಾಗಿ. ವಿಜ್ಞಾನಕ್ಕಿಂತ ಲೆಕ್ಕ ನನಗೆ ಬೇಗ ತಲೆಗೆ ಹತ್ತುತ್ತದೆ. ಲೆಕ್ಕ ಹೀಗಿದೆ: ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣ. ಆದರೆ ಒಂದು ಲೀಟರ್ ನೀರು ಸುಮಾರು 360 ಗ್ರಾಂ ಉಪ್ಪನ್ನು ಕರಗಿಸಿಕೊಳ್ಳಬಲ್ಲದು. ಹಾಗಾದರೆ ಹತ್ತರಲ್ಲಿ ಒಂಬತ್ತು ಪಾಲು ನೀರು ಹೋಗುವ ತನಕ ಉಪ್ಪಿನ ಹರಳು ಕಾಣುವುದೇ ಇಲ್ಲ!

ಗೋಕರ್ಣದ ಹತ್ತಿರ, ಅಘನಾಶಿನಿ ಅಳಿವೆಯ ಪಕ್ಕದ ಸಾಣಿಕಟ್ಟೆಯಲ್ಲಿ ಈ ಲೆಕ್ಕದ ಮೇಲೇ ಸಂಸಾರಗಳು ನಡೆಯುತ್ತವೆ. ಉಬ್ಬರದ ನೀರನ್ನು ಆಗರಕ್ಕೆ ಬಿಟ್ಟು, ಒಂದು ಪಾತಿಯಿಂದ ಇನ್ನೊಂದಕ್ಕೆ ಹಾಯಿಸುತ್ತ ಗಟ್ಟಿ ಮಾಡುತ್ತಾರೆ. ಆ ಕಡೆ ಕೆಲಸಕ್ಕಿದ್ದಾಗ ಆಗರದವರು ನಮ್ಮ ಶಾಖೆಗೆ ಬರುತ್ತಿದ್ದರು. ಬೇಸಿಗೆಯಲ್ಲಿ ಮೋಡ ಕವಿದರೆ ಪಾಸ್‌ಬುಕ್ ಕೈಯಲ್ಲಿದ್ದರೂ ಅವರ ಕಣ್ಣು ಕಿಟಕಿಯಾಚೆ. ಒಂದು ಜೋರು ಮಳೆ ಬಿದ್ದರೆ ವಾರಗಟ್ಟಲೆ ಬಿಸಿಲು ಮಾಡಿದ ಕೆಲಸ ನೀರುಪಾಲು.

ಮಳೆಯೇ ಬೇಕೆಂದಿಲ್ಲ ಅನ್ನುವುದು ನನಗೆ ಆಮೇಲೆ ತಿಳಿಯಿತು. ಗಾಳಿಯ ತೇವ ಶೇ. 75 ದಾಟಿದರೆ ಉಪ್ಪು ತುಂಬಿದ ನೀರು ಆರುವುದನ್ನೇ ನಿಲ್ಲಿಸುತ್ತದೆ. ತಿರುಗಿ ಗಾಳಿಯಿಂದಲೇ ನೀರು ಎಳೆದುಕೊಳ್ಳುತ್ತದೆ. ಜುಲೈನಲ್ಲಿ ಕರಾವಳಿಯ ಅಡುಗೆಮನೆಯ ಉಪ್ಪಿನ ಭರಣಿ ಬೆವರುವುದೂ ಇದರಿಂದಲೇ.

ಉಪ್ಪು ಹರಳಾದ ಮೇಲೂ ಪಾತಿಯ ತಳದಲ್ಲಿ ಒಂದಿಷ್ಟು ಕಹಿನೀರು ಉಳಿಯುತ್ತದೆ. ಅದರ ತುಂಬ ಮೆಗ್ನೀಷಿಯಂ ಲವಣ. ಎಲ್ಲಕ್ಕಿಂತ ಜಿಗುಟು ನೀರು ಅದೇ, ಎಂಥ ಬಿಸಿಲಿಗೂ ಸುಲಭಕ್ಕೆ ಬಗ್ಗದು. ಉಪ್ಪಿನ ಜೊತೆ ಅದೂ ಸೇರಿದರೆ ಉಪ್ಪು ಕಹಿಯಾಗುತ್ತದೆ, ಬೇಗ ನೀರೊಡೆಯುತ್ತದೆ. ಹಾಗಾಗಿ ಉಪ್ಪನ್ನು ಬದುವಿನ ಮೇಲೆ ರಾಶಿ ಹಾಕಿ ಸೋರಲು ಬಿಡುತ್ತಾರೆ. ಕಹಿಯೆಲ್ಲ ಇಳಿದ ಮೇಲೆಯೇ ಚೀಲಕ್ಕೆ ತುಂಬುವುದು.