ಸಬ್‌ವೂಫರ್ ಜೋಡಣೆಯೂ ಓಮ್ ನಿಯಮವೂ
ಸರಣಿ ಮತ್ತು ಸಮಾಂತರ ಜೋಡಣೆಗಳ ಪಾಠಕ್ಕೆ ಕಾರಿನ ಸಬ್‌ವೂಫರ್ ಉತ್ತಮ ನಿದರ್ಶನ. ತಲಾ 4 ಓಮ್‌ನ ಎರಡು ಸುರುಳಿಗಳನ್ನು ಸರಣಿಯಲ್ಲಿ ಜೋಡಿಸಿದರೆ 8 ಓಮ್, ಸಮಾಂತರವಾಗಿ ಜೋಡಿಸಿದರೆ 2 ಓಮ್. ಆಂಪ್ಲಿಫೈಯರಿನ ಮೇಲೆ ‘ಕನಿಷ್ಠ 4 ಓಮ್’ ಎಂದಿದ್ದಲ್ಲಿ ಎರಡನೆಯದು ಸಲ್ಲದು. ಅದೇ ವಿಭವಾಂತರದಲ್ಲಿ ಇಮ್ಮಡಿ ಪ್ರವಾಹ ಹರಿದು ಟ್ರಾನ್ಸಿಸ್ಟರುಗಳು ಮಿತಿಮೀರಿ ಕಾಯುತ್ತವೆ. ರಕ್ಷಣಾ ಮಂಡಲವಿಲ್ಲದಿದ್ದರೆ ಸುಟ್ಟೇ ಹೋಗಬಹುದು. ರೋಧ ಕಡಿಮೆಯಾದರೆ ಹೊರೆಯೂ ಕಡಿಮೆಯೆಂದು ಮಕ್ಕಳು ಸಹಜವಾಗಿಯೇ ಎಣಿಸುತ್ತಾರೆ. ಆ ಎಣಿಕೆಯನ್ನು ಇಲ್ಲಿಯೇ ತಿದ್ದಬೇಕು. 8 ಓಮ್ ಜೋಡಣೆ ಸುರಕ್ಷಿತ, ಆದರೆ ಸಾಮರ್ಥ್ಯ ಸುಮಾರು ಅರ್ಧಕ್ಕಿಳಿಯುತ್ತದೆ. ಈ ಆಂಪ್ಲಿಫೈಯರಿಗೆ ತಕ್ಕುದು ತಲಾ 2 ಓಮ್‌ನ ಎರಡು ಸುರುಳಿಗಳ ಸರಣಿ ಜೋಡಣೆ. 4 ಓಮ್ ಎಂದು ನಮೂದಿಸಿದ ಸುರುಳಿಗೆ ಮಲ್ಟಿಮೀಟರ್ 3.4 ಓಮ್ ತೋರಿಸಿದರೆ ದೋಷವೆನ್ನಬಾರದು: ಅದು ಅಳೆಯುವುದು ನೇರ ಪ್ರವಾಹಕ್ಕಿರುವ ರೋಧವನ್ನು. ಇಂಪೀಡೆನ್ಸ್ ಪರ್ಯಾಯ ಪ್ರವಾಹಕ್ಕೆ ಸಂಬಂಧಿಸಿದ್ದು, ಧ್ವನಿಯ ಆವೃತ್ತಿಯೊಡನೆ ಬದಲಾಗುವಂಥದು.